ಕೇಪಿನ ಕೋವಿಯ ಒಳಗೆ

ನನ್ನ ತವರು ಸುಳ್ಯದ ಕಡೆ, ಕೊಟ್ಟ ಮನೆ ಕೊಡಗಿನಲ್ಲಿ. ಎರಡೂ ಮನೆಗಳಲ್ಲಿ ಆಡುವುದು ಅದೇ ಅರೆಭಾಷೆ, ಮಾಡುವ ಅಡುಗೆಯೂ ಹೆಚ್ಚು ಕಡಿಮೆ ಅದೇ. ಹಾಗಾಗಿ ಗಂಡನ ಮನೆಗೆ ಹೊಂದಿಕೊಳ್ಳುವುದು ನನಗೆ ಕಷ್ಟವಾಗಲಿಲ್ಲ. ಹೊಸದು ಅಂದರೆ ಒಂದೇ. ತವರಿನ ಜಗಲಿಯಲ್ಲಿ ಗಡಿಯಾರ ತೂಗುತ್ತಿದ್ದ ಜಾಗದಲ್ಲಿ ಇಲ್ಲಿ ಒಂದು ಕೋವಿ ತೂಗುತ್ತಿತ್ತು.

ನಾನು ಮದುವೆಯಾಗಿ ಬಂದದ್ದು 1993ರಲ್ಲಿ. ಆ ಸೆಪ್ಟೆಂಬರ್‌ನಲ್ಲಿ ನಾಟಿ ಮುಗಿದು ಕೈಲ್ ಮುಹೂರ್ತ ಬಂತು. ಕತ್ತಿ, ನೇಗಿಲು, ಕೋವಿ ಎಲ್ಲವನ್ನೂ ದೀಪದ ಮುಂದಿಟ್ಟು ಪೂಜೆ ಮಾಡುವ ಹಬ್ಬ ಅದು. ಕೋವಿಯ ಬಾಯಿಗೆ ಕೆಂಪು ಹಳದಿ ಬೆಂಕಿಯ ನಾಲಗೆಯಂಥ ಎಸಳುಗಳ ಹೂ ಸಿಕ್ಕಿಸುತ್ತಾರೆ. ಕೊಡವರು ಅದಕ್ಕೆ ತೋಕ್ ಪೂ, ಅಂದರೆ ಕೋವಿ ಹೂ ಎನ್ನುತ್ತಾರೆ. ನಮ್ಮ ಪುಸ್ತಕಗಳ ಅಗ್ನಿಶಿಖೆ ಅದೇ. ಹಬ್ಬದ ಮುಂಚಿನ ದಿನ ಅತ್ತೆ, "ಆ ಕೋವಿಯನ್ನು ಸ್ವಲ್ಪ ಒರೆಸಿಡು" ಎಂದರು. ಹೊಸ ಸೊಸೆ ನಾನು, ಒರೆಸು ಎಂದರೆ ಒರೆಸಿ ಬಿಡುವವಳೆ? ನಮ್ಮಮ್ಮ ಕಲಿಸಿದ ವಿದ್ಯೆಯನ್ನೆಲ್ಲ ಹೊರತೆಗೆದೆ. ಹಿತ್ತಾಳೆಯ ಭಾಗಗಳಿಗೆ ಹುಣಸೆಹಣ್ಣು, ಕಬ್ಬಿಣಕ್ಕೆ ಇಟ್ಟಿಗೆ ಪುಡಿ ಮತ್ತು ಬೂದಿ. ತೆಂಗಿನ ನಾರು ಹಿಡಿದು ಮಧ್ಯಾಹ್ನದಿಂದ ಸಂಜೆಯವರೆಗೆ ಉಜ್ಜಿದೆ. ಕುದುರೆಯ ಪಕ್ಕದ ಕಬ್ಬಿಣದ ತಗಡಿನ ಮೇಲೆ ಏನೋ ಸವೆದ ಇಂಗ್ಲಿಷ್ ಅಕ್ಷರಗಳಿದ್ದವು. ಅವುಗಳ ಸಂದಿನಲ್ಲಿ ಕೂತಿದ್ದ ಕಪ್ಪು ಕೊಳೆ ಹೋಗಬೇಕೆಂದು ಅಲ್ಲಿ ಇನ್ನಷ್ಟು ಉಜ್ಜಿದೆ. ಕೊಳೆ ಹೋಯಿತು. ಅಕ್ಷರಗಳೂ ಹೋದವು.

ಮಾವ ತೋಟದಿಂದ ಬಂದು ಕೋವಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಆ ತಗಡಿನ ಮೇಲೆ ಹೆಬ್ಬೆರಳನ್ನು ಒಮ್ಮೆ ಆಡಿಸಿದರು. "ಬೆಳ್ಳಿ ಮಾಡಿಬಿಟ್ಟೆಯಲ್ಲಮ್ಮ" ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದು ಹಿಗ್ಗಿದೆ.

ಆ ಕೋವಿಗೆ ಒಂದು ಕತೆ ಇತ್ತು. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡ ಮೇಲೆ, ಅದುವರೆಗೆ ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರಿನ ಸೀಮೆಗಳನ್ನು ಕೆನರಾಕ್ಕೆ ಸೇರಿಸಿದರು. ಬೆಳೆದ ಭತ್ತವನ್ನೇ ಕಂದಾಯವಾಗಿ ಅಳೆದು ಕೊಡುತ್ತಿದ್ದ ರೈತರು ಇನ್ನು ಮುಂದೆ ನಗದು ಎಣಿಸಬೇಕಾಯಿತು. 1837ರಲ್ಲಿ ಅವರು ದಂಗೆ ಎದ್ದರು. ಸುಳ್ಯದಿಂದ ಹೊರಟ ದಂಡು ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರನ್ನು ಹಿಡಿಯಿತು. ಬಾವುಟಗುಡ್ಡೆಯ ಮೇಲೆ ಅವರದೇ ಬಾವುಟ ಹಾರಿತು. ಸುಮಾರು 13 ದಿನ ಊರು ಅವರ ಕೈಯಲ್ಲಿತ್ತು ಎನ್ನುತ್ತಾರೆ. ಆಮೇಲೆ ಕಂಪನಿಯ ಸೈನ್ಯ ಬಂತು, ಗಲ್ಲುಗಳು ಎದ್ದವು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್‌ನಲ್ಲಿ ಮಡಿಕೇರಿಯ ಕೋಟೆಯ ಹತ್ತಿರ ಗಲ್ಲಿಗೇರಿಸಿದರು. ನಮ್ಮ ಮನೆಯ ಹಿರಿಯರೊಬ್ಬರು ಆ ದಂಡಿನ ಜತೆ ಮಂಗಳೂರಿಗೆ ಹೋಗಿದ್ದರು, ತಪ್ಪಿಸಿಕೊಂಡು ಕಾಡುದಾರಿಯಲ್ಲಿ ವಾಪಸು ಬಂದರು, ಬಂದವರು ಕೋವಿಯನ್ನು ಪತ್ತಾಯದ ಭತ್ತದೊಳಗೆ ಹೂತಿಟ್ಟರು, ಇದೇ ಆ ಕೋವಿ. ಮಾವ ಈ ಕತೆಯನ್ನು ಪ್ರತಿ ಕೈಲ್ ಮುಹೂರ್ತಕ್ಕೂ ಹೇಳುತ್ತಿದ್ದರು. ಹೇಳಿ ಮುಗಿಸಿದ ಮೇಲೇ ಊಟ.

2005ರ ಹಬ್ಬದಲ್ಲಿ, ಮನೆ ತುಂಬ ನೆಂಟರಿದ್ದಾಗ, ನಾನು ಬಾಯಿ ಹಾಕಿದೆ. ಹನ್ನೆರಡು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟ ಗರ್ವ ಅದು, ಬೇರೇನೂ ಅಲ್ಲ. "ಮಾವ, ಇದು ಕೇಪಿನ ಕೋವಿ. 1837ರಲ್ಲಿ ನಮ್ಮ ಕಡೆ ರೈತರ ಕೈಯಲ್ಲಿ ಕೇಪಿನ ಕೋವಿ ಇರಲು ಸಾಧ್ಯವೇ ಇಲ್ಲ. ಆಗ ಇದ್ದದ್ದು ಚಕಮಕಿ ಕಲ್ಲಿನ ಕೋವಿ" ಎಂದೆ.

ನಾನು ಹೇಳಿದ್ದರಲ್ಲಿ ಹುರುಳಿರಲಿಲ್ಲ ಎಂದಲ್ಲ. ಹಳೆಯ ಕೋವಿಗಳಲ್ಲಿ ಕುದುರೆಯ ಬಾಯಲ್ಲಿ ಒಂದು ಚಕಮಕಿ ಕಲ್ಲು ಇರುತ್ತಿತ್ತು. ಅದು ಉಕ್ಕಿಗೆ ಬಡಿದು ಕಿಡಿ ಹಾರಿ, ಪಕ್ಕದ ಪುಟ್ಟ ಬಟ್ಟಲಿನ ಮದ್ದು ಹೊತ್ತಿ, ಆ ಬೆಂಕಿ ಕಿಂಡಿಯೊಳಗಿಂದ ನಳಿಗೆಗೆ ಹೋಗಬೇಕು. ಮಳೆಗಾಲದಲ್ಲಿ, ಅದರಲ್ಲೂ ನಮ್ಮ ಮಳೆಯಲ್ಲಿ, ಇದು ಎಷ್ಟು ಸಲ ಹೊತ್ತುತ್ತಿತ್ತೋ ದೇವರೇ ಬಲ್ಲ. ಸ್ಕಾಟ್ಲೆಂಡಿನಲ್ಲಿ ಅಲೆಗ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿಯೊಬ್ಬರಿದ್ದರು. ಬಟ್ಟಲಿನ ಮದ್ದು ಭಗ್ ಎಂದ ಕೂಡಲೆ ಹಕ್ಕಿಗಳು ಹಾರಿಹೋಗುತ್ತವೆ, ಗುಂಡು ಆಮೇಲೆ ಹೊರಡುತ್ತದೆ ಎಂಬುದು ಅವರ ತಾಪತ್ರಯ. ಪಾದ್ರಿಗಳಿಗೆ ಹಕ್ಕಿ ಬೇಟೆಯ ಚಿಂತೆ! ಪೆಟ್ಟು ಬಿದ್ದರೆ ತಾನೇ ಸಿಡಿಯುವ ರಾಸಾಯನಿಕವನ್ನು ಉಪಯೋಗಿಸುವ ಉಪಾಯ ಹುಡುಕಿ 1807ರಲ್ಲಿ ಪೇಟೆಂಟ್ ಪಡೆದರು. ಮುಂದೆ ಅದೇ ತಾಮ್ರದ ಪುಟ್ಟ ಟೋಪಿಯಾಯಿತು, ನಮ್ಮ ಬಾಯಲ್ಲಿ ಕೇಪು. ಬ್ರಿಟಿಷ್ ಸೈನ್ಯವೇ ಕೇಪಿಗೆ ಬದಲಾದದ್ದು 1840ರ ಆಸುಪಾಸಿನಲ್ಲಿ. ಇನ್ನು ಸುಳ್ಯದ ರೈತನಿಗೆ 1837ಕ್ಕೇ ಎಲ್ಲಿಂದ ಬರಬೇಕು?

ಮಾವ ನನ್ನನ್ನು ನೋಡಿದರು. "ಓದಿದವಳು ನೀನು, ಇರಬಹುದು" ಎಂದು ಎದ್ದು ಹೊರಗೆ ಹೋದರು. ಅದರ ಮರುವರ್ಷದಿಂದ ಅವರು ಆ ಕತೆ ಹೇಳಲಿಲ್ಲ. ಮಕ್ಕಳು ಕೇಳಿದರೆ, "ನಿಮ್ಮ ಚಿಕ್ಕಮ್ಮನನ್ನು ಕೇಳಿ" ಎನ್ನುತ್ತಿದ್ದರು. 2011ರಲ್ಲಿ ತೀರಿಕೊಂಡರು. 2022ರ ನವೆಂಬರ್‌ನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು. ಅದನ್ನು ನೋಡಲು ಮಾವ ಇರಲಿಲ್ಲ.

ಬಯಲುಸೀಮೆಯ ಗೆಳತಿಯರು, "ನಿಮ್ಮ ಮನೆಯಲ್ಲಿ ಕೋವಿಗೆ ಲೈಸೆನ್ಸ್ ಬೇಡವಂತೆ, ಹೌದೇ?" ಎಂದು ಕೇಳುತ್ತಾರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡಗಿಗೆ ಸಿಕ್ಕಿದ ವಿನಾಯಿತಿ ಅದು. ಕೊಡವರಿಗೂ ಜಮ್ಮಾ ಭೂಮಿಯ ಹಕ್ಕುದಾರರಿಗೂ ಇದೆ. ನಾವು ಎರಡನೆಯ ಲೆಕ್ಕದಲ್ಲಿ ಬರುತ್ತೇವೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಹಾಗೆಂದು ನಾವೇನು ಕೋವಿ ಹೆಗಲಿಗೇರಿಸಿಕೊಂಡು ತರಕಾರಿಗೆ ಹೋಗುವುದಿಲ್ಲ.

ಅತ್ತೆ ಹೋದದ್ದು 2022ರ ಮಳೆಗಾಲದಲ್ಲಿ. ನಮ್ಮ ಕಡೆ ಸಾವಿನ ಸುದ್ದಿಯನ್ನು ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ರೂಢಿ ಇದೆ. ತನಗೆ ಮಾವನ ಕೋವಿಯಿಂದಲೇ ಹಾರಿಸಬೇಕೆಂದು ಅತ್ತೆ ಮೊದಲೇ ಹೇಳಿಟ್ಟಿದ್ದರು. ಭಾವ ಅದನ್ನು ಗೋಡೆಯಿಂದಿಳಿಸಿ, ಮದ್ದು ತುಂಬುವ ಮೊದಲು ಕುದುರೆ ಸರಿಯಿದೆಯೇ ಎಂದು ಹಿಂದಕ್ಕೆಳೆದರು. ಒಳಗೆ ಟಕ್ ಎಂದು ಏನೋ ಮುರಿದ ಸದ್ದಾಯಿತು. ಕುದುರೆ ಜೋತುಬಿತ್ತು. ಕೊನೆಗೆ ಅವರ ತೋಟೆ ಕೋವಿಯಿಂದಲೇ ಗುಂಡು ಹಾರಿಸಬೇಕಾಯಿತು. ಸಾಯುವವರ ಒಂದು ಮಾತು ನಡೆಸಿಕೊಡಲು ಆಗಲಿಲ್ಲವಲ್ಲ ಎಂದು ಭಾವ ಬಹಳ ದಿನ ಕೊರಗಿದರು.

ಮರುವರ್ಷ ಬೇಸಿಗೆ ರಜೆಯಲ್ಲಿ ಅದನ್ನು ರಿಪೇರಿ ಮಾಡಿಸುವುದೆಂದಾಯಿತು. ನನ್ನ ಮಗ, "ಇಲ್ಲೇ ಬಿಚ್ಚೋಣಮ್ಮ, ಎರಡು ಸ್ಕ್ರೂ ಅಷ್ಟೆ" ಎಂದು ಸ್ಕ್ರೂಡ್ರೈವರ್ ತಂದೇಬಿಟ್ಟಿದ್ದ. ಭಾವ ಬೇಡವೆಂದರು. ಪೇಟೆಯಲ್ಲಿ ತಲೆಮಾರುಗಳಿಂದ ಕೋವಿ ರಿಪೇರಿ ಮಾಡುವ, ಅದಕ್ಕೆ ಬೇಕಾದ ಲೈಸೆನ್ಸ್ ಇರುವ ಆಚಾರ್ರೊಬ್ಬರಿದ್ದಾರೆ. ಅವರ ಅಂಗಡಿಗೇ ಒಯ್ದೆವು. ನಾನೂ ಹೋದೆ. ರಜೆ ಇತ್ತು, ಕುತೂಹಲವೂ ಇತ್ತು.

ಆಚಾರ್ರು ಮೊದಲು ಮಾಡಿದ ಕೆಲಸ ನಾವು ಯಾರೂ ಎಣಿಸದಿದ್ದದ್ದು. ಮದ್ದು ಜಡಿಯುವ ಸರಳನ್ನು ನಳಿಗೆಯೊಳಗೆ ತಳದವರೆಗೆ ಇಳಿಬಿಟ್ಟು, ಬಾಯಿಯ ಹತ್ತಿರ ಉಗುರಿನಿಂದ ಗುರುತು ಹಿಡಿದರು. ಸರಳನ್ನು ತೆಗೆದು ಅದೇ ಗುರುತಿಗೆ ಸರಿಯಾಗಿ ನಳಿಗೆಯ ಹೊರಗೆ ಇಟ್ಟು ನೋಡಿದರು. ಕೇಪು ಕೂರಿಸುವ ಮೊಳೆಯ ಹತ್ತಿರ ಬರಬೇಕಾದ ಸರಳಿನ ತುದಿ ನಾಲ್ಕು ಬೆರಳು ಹಿಂದೆಯೇ ನಿಂತಿತ್ತು. "ಒಳಗೆ ತುಂಬಿದೆ" ಎಂದರು, ಡಬ್ಬಿಯಲ್ಲಿ ಸಕ್ಕರೆ ಇದೆ ಎಂದಷ್ಟೇ ಸಲೀಸಾಗಿ.

ಮಾವ ಯಾವುದೋ ವರ್ಷ ಗದ್ದೆಗೆ ಬರುವ ಹಂದಿಗೆಂದು ತುಂಬಿಟ್ಟದ್ದಿರಬೇಕು. ಅವರ ಮೇಲೆ ಯಾರೂ ತುಂಬಿಲ್ಲ. ಈ ಕರಿಮದ್ದು ಒಣಗಿ ಕೂತರೆ ಎಷ್ಟು ವರ್ಷವಾದರೂ ಸಾಯುವುದಿಲ್ಲವಂತೆ. ಹನ್ನೆರಡು ಹಬ್ಬ ನಾವು ತುಂಬಿದ ಕೋವಿಗೆ ಹೂ ಮುಡಿಸಿದ್ದೆವು. ಅದರ ಮುಂದೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆದಿದ್ದೆವು. ಅತ್ತೆ ಹೋದ ದಿನ ಒಳಗಿನ ಸ್ಪ್ರಿಂಗ್ ಮುರಿಯದೆ ಇದ್ದಿದ್ದರೆ ಭಾವ ಆ ಮದ್ದಿನ ಮೇಲೆ ಇನ್ನೊಂದು ಮದ್ದು ಜಡಿಯುತ್ತಿದ್ದರು, ನಳಿಗೆ ಅವರ ಮುಖದ ಪಕ್ಕದಲ್ಲೇ ಒಡೆಯುತ್ತಿತ್ತು. ಭಾವ ಬೆಂಚಿನ ಮೇಲೆ ಕೂತರು. ಅವರಿಗೆ ನೀರು ಕೊಡಬೇಕಾಯಿತು.

ನಳಿಗೆಗೂ ನೀರೇ ಔಷಧಿ. ಬಾಯಿಯಿಂದ ನೀರು ತುಂಬಿಸಿ, ಒಂದು ರಾತ್ರಿ ನೆನೆಯಲು ಬಿಟ್ಟು, ಮಾರನೆ ದಿನ ಸರಳಿನ ತುದಿಗೆ ಬುರುಡೆ ಬಿರಡೆ ತೆಗೆಯುವ ಸುರುಳಿಯಂಥದನ್ನು ಸಿಕ್ಕಿಸಿ ತಿರುಗಿಸಿ ಎಳೆದರು. ಮೊದಲು ತೆಂಗಿನ ನಾರಿನ ಉಂಡೆ, ಆಮೇಲೆ ಸೀಸದ ಚರೆ, ಮತ್ತೆ ನಾರು, ಕೊನೆಗೆ ಕರಿ ಕೆಸರಿನಂತೆ ಮದ್ದು. ಮಾವನ ಕೈ ಅಚ್ಚುಕಟ್ಟು. ನಾರಿನ ಉಂಡೆ ಕೂಡ ಹೊಸೆದಿಟ್ಟ ಹಾಗಿತ್ತು.

ಆ ಕ್ರಮ ನೋಡುವಾಗ ನನಗೆ ತರಗತಿಯ ಒಂದು ಪ್ರಶ್ನೆ ನೆನಪಾಯಿತು. ಪ್ರತಿ ವರ್ಷ 1857ರ ಪಾಠದಲ್ಲಿ, ಕೊಬ್ಬು ಸವರಿದ ತೋಟೆಗಳನ್ನು ಸಿಪಾಯಿಗಳು ಹಲ್ಲಿನಿಂದ ಕಚ್ಚಬೇಕಾಗಿತ್ತು ಎಂದು ಹೇಳುತ್ತೇನೆ. ಹುಡುಗಿಯೊಬ್ಬಳು ಎದ್ದು, "ಏಕೆ ಟೀಚರ್, ಕೈಯಲ್ಲಿ ಹರಿಯಬಾರದಿತ್ತೆ?" ಎಂದಿದ್ದಳು. ನಾನು ಏನೋ ಹೇಳಿ ಕೂರಿಸಿದ್ದೆ. ಮದ್ದು ನಳಿಗೆಯ ಬಾಯಿಯಿಂದಲೇ ಒಳಗೆ ಹೋಗಬೇಕು. ಒಂದು ಕೈ ಕೋವಿ ಹಿಡಿದಿದೆ, ಇನ್ನೊಂದು ಕೈಯಲ್ಲಿ ಮದ್ದಿನ ಕಾಗದದ ಪೊಟ್ಟಣ. ಪೊಟ್ಟಣ ಬಿಚ್ಚಲು ಉಳಿದದ್ದು ಹಲ್ಲು ಮಾತ್ರ. ಇಷ್ಟೇ ಉತ್ತರ.

ಬಿಚ್ಚುವ ಕೆಲಸ ಶುರುವಾಗಲು ಇನ್ನೂ ಒಂದು ವಾರ ಹಿಡಿಯಿತು. ಪ್ರತಿಯೊಂದು ಸ್ಕ್ರೂವಿನ ಸುತ್ತ ಒಂದೊಂದು ಹನಿ ಎಣ್ಣೆ ಬಿಟ್ಟು, ದಿನವೂ ಹಾಗೆ ಬಿಡುತ್ತಾ ಕಾದರು. ಮಗನ ಸ್ಕ್ರೂಡ್ರೈವರನ್ನು ಅವರು ಮೂಸಿಯೂ ನೋಡಲಿಲ್ಲ. ಪೇಟೆಯಲ್ಲಿ ಸಿಗುವುದರ ತುದಿ ಬೆಣೆಯ ಹಾಗೆ ಚೂಪಾಗುತ್ತಾ ಹೋಗುತ್ತದೆ, ಸೀಳಿನ ತಳ ಮುಟ್ಟದೆ ಅಂಚನ್ನು ಮಾತ್ರ ಒತ್ತಿ ಕಿತ್ತುಹಾಕುತ್ತದೆ. ಆಚಾರ್ರು ಒಂದೊಂದು ಸ್ಕ್ರೂವಿನ ಸೀಳಿಗೂ ಅಗಲ, ದಪ್ಪ ಎರಡೂ ಸರಿಹೊಂದುವಂತೆ ತುದಿಯನ್ನು ಕಲ್ಲಿನ ಮೇಲೆ ತೇದು ಕೂರಿಸಿಕೊಂಡರು. ಹಳೆಯ ಕಾಲದಲ್ಲಿ ಸ್ಕ್ರೂಗಳನ್ನು ಒಂದೊಂದಾಗಿ ಕೈಯಲ್ಲೇ ಮಾಡುತ್ತಿದ್ದರಾದ್ದರಿಂದ ಒಂದರ ತೂತಿಗೆ ಇನ್ನೊಂದು ಕೂರುವುದಿಲ್ಲ. ರಟ್ಟಿನ ಮೇಲೆ ಕೋವಿಯ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಚಿತ್ರದಲ್ಲಿ ಅದರ ಜಾಗಕ್ಕೇ ಚುಚ್ಚಿಟ್ಟರು. ಒಡವೆ ಪೆಟ್ಟಿಗೆಯಲ್ಲಿ ಓಲೆಯ ತಿರುಪುಗಳನ್ನು ಕಲೆಸಿಕೊಂಡು ಪೇಚಾಡಿದವರಿಗೆ ಈ ಜಾಣತನದ ಬೆಲೆ ತಿಳಿಯುತ್ತದೆ.

ಕುದುರೆಯ ತಗಡನ್ನು ಮರದಿಂದ ಹೊರತೆಗೆದದ್ದು ನನಗೆ ಬಹಳ ಹಿಡಿಸಿತು. ಎದುರು ಬದಿಯ ಎರಡು ಸ್ಕ್ರೂಗಳನ್ನು ಪೂರ್ತಿ ಬಿಚ್ಚದೆ ಕೆಲವು ಸುತ್ತು ಸಡಿಲಿಸಿ, ಅವುಗಳ ತಲೆಯ ಮೇಲೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಒಮ್ಮೆ ಈ ಸ್ಕ್ರೂ, ಒಮ್ಮೆ ಆ ಸ್ಕ್ರೂ. ತಗಡು ಒಳಗಿನಿಂದಲೇ ಸಮನಾಗಿ ಮೇಲೆದ್ದು ಬಂತು. ಅಂಚಿಗೆ ಚಾಕು ಹಾಕಿ ಎಬ್ಬಿಸಿದ್ದರೆ ನೂರೈವತ್ತು ವರ್ಷದ ಒಣಮರ ಸಿಬಿರೆದ್ದು ಹೋಗುತ್ತಿತ್ತು. ಇಡ್ಲಿಯನ್ನು ತಟ್ಟೆಯಿಂದ ಎಬ್ಬಿಸುವಾಗ ನಾವು ಅವಸರ ಮಾಡಿದರೆ ಏನಾಗುತ್ತದೆ, ಹಾಗೆಯೇ. ಸ್ಪ್ರಿಂಗ್ ಸರಿಯಿದ್ದರೆ ಕುದುರೆಯನ್ನು ಅರ್ಧ ಏರಿಸಿಕೊಂಡೇ ಇದನ್ನು ಮಾಡಬೇಕಂತೆ. ಇಲ್ಲಿ ಸ್ಪ್ರಿಂಗ್ ಎರಡು ತುಂಡಾಗಿ ಒಳಗೇ ಬಿದ್ದಿತ್ತು.

ತಗಡನ್ನು ಮಗುಚಿ, ಒಳಬದಿಯ ಅಂಟು ಕೊಳೆಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿದರು. ಆಮೇಲೆ ಕನ್ನಡಕ ಹಣೆಗೇರಿಸಿ ನನ್ನನ್ನು ಕರೆದರು. "ಟೀಚರ್, ಇಲ್ಲಿ ನೋಡಿ."

ಕಂದು ಬಣ್ಣದ ಕಬ್ಬಿಣದಲ್ಲಿ ಪುಟ್ಟ ಪುಟ್ಟ ವೃತ್ತಗಳು. ಸುತ್ತಲಿನ ಕಬ್ಬಿಣಕ್ಕಿಂತ ಬೇರೆ ಬಣ್ಣ, ಕಾಸಿನ ಮಚ್ಚೆಯಂತೆ. "ಇವು ಹಳೆಯ ತೂತು. ಕಬ್ಬಿಣದ ಮೊಳೆ ಬಡಿದು ಮುಚ್ಚಿದ್ದಾರೆ. ಇಲ್ಲಿ ಚಕಮಕಿಯ ಉಕ್ಕಿನ ಸ್ಪ್ರಿಂಗ್ ಇತ್ತು. ಇಲ್ಲಿ ಮದ್ದಿನ ಬಟ್ಟಲು ಇತ್ತು. ಹೊರಗಿನಿಂದ ಉಜ್ಜಿ ನಯ ಮಾಡಿದ್ದರಿಂದ ಕಾಣುವುದಿಲ್ಲ. ಇದು ಮೊದಲು ಕಲ್ಲಿನ ಕೋವಿ. ಯಾರೋ ಆಮೇಲೆ ಕೇಪಿಗೆ ತಿರುಗಿಸಿದ್ದಾರೆ."

ಬಟ್ಟಲು ಕಿತ್ತು, ತೂತು ಮುಚ್ಚಿ, ಬೆಂಕಿಯ ಕಿಂಡಿಯನ್ನು ದೊಡ್ಡದು ಮಾಡಿ ಅಲ್ಲಿ ಕೇಪಿನ ಮೊಳೆ ಕೂರಿಸಿ, ಕಲ್ಲು ಕಚ್ಚುವ ಕುದುರೆಯ ಬದಲು ಬಡಿಯುವ ಕುದುರೆ ಹಾಕುವುದು. ಕೇಪು ಬಂದ ಮೇಲೆ ಲೋಕದಲ್ಲೆಲ್ಲ ಹಳೆಯ ಕೋವಿಗಳನ್ನು ಹೀಗೆ ತಿರುಗಿಸಿಕೊಂಡರು. ಹೊಸ ಕೋವಿ ಕೊಳ್ಳಲು ಎಲ್ಲರಲ್ಲೂ ದುಡ್ಡಿತ್ತೆ? ನಾವು ಹಳೆಯ ಸೀರೆಗೆ ಹೊಸ ಅಂಚು ಹಚ್ಚಿಕೊಳ್ಳುವುದಿಲ್ಲವೆ? ಇದು ನನಗೆ ಹೊಳೆಯಬೇಕಿತ್ತು. ನಾನು ಅಂಚು ನೋಡಿ ಸೀರೆಯ ವಯಸ್ಸು ಹೇಳಿದ್ದೆ, ಅದೂ ಹತ್ತು ಜನರ ಮುಂದೆ, ಸೀರೆಯ ಒಡೆಯನಿಗೆ.

ನಾನು ಆಚಾರ್ರ ಮುಖ ನೋಡಲಿಲ್ಲ, ಭಾವನ ಮುಖವನ್ನೂ ನೋಡಲಿಲ್ಲ.

ನಳಿಗೆಯನ್ನು ಮರದಿಂದ ಬಿಡಿಸಿದ್ದು ಮಾರನೆ ದಿನ. ಅದರ ಅಡಿಭಾಗ, ಮರದೊಳಗೆ ಅಡಗಿದ್ದುದರಿಂದ ನನ್ನ ಇಟ್ಟಿಗೆ ಪುಡಿಯ ಕೈಗೆ ಸಿಕ್ಕಿರಲಿಲ್ಲ. ಅಲ್ಲಿ ಮುದ್ರೆಗಳು ಚೊಕ್ಕಟವಾಗಿ ಉಳಿದಿದ್ದವು. ಒಂದು ಕಿರೀಟ, ಅದರ ಕೆಳಗೆ ಅಡ್ಡಡ್ಡ ಇಟ್ಟ ಎರಡು ರಾಜದಂಡ, ಸಂದುಗಳಲ್ಲಿ ಬಿ, ಪಿ, ಸಿ ಎಂಬ ಅಕ್ಷರಗಳು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ನಳಿಗೆಗಳಿಗೆ ಹೆಚ್ಚು ಮದ್ದು ತುಂಬಿ ಸಿಡಿಸಿ ಪರೀಕ್ಷೆ ಮಾಡಿ, ಒಡೆಯದೆ ಉಳಿದವುಗಳಿಗೆ ಒತ್ತುವ ಮುದ್ರೆ ಇದು. ಆ ಪರೀಕ್ಷಾ ಮನೆ ಕಾನೂನಿನ ಪ್ರಕಾರ ಶುರುವಾದದ್ದು 1813ರಲ್ಲಿ. ನಮ್ಮ ಮನೆಯ ಕೋವಿ ಹಾಲೇರಿ ಅರಸರ ಬಳುವಳಿಯಲ್ಲ, ವ್ಯಾಪಾರಕ್ಕೆ ಬಂದ ಸೀಮೆ ಸರಕು ಎಂದು ಇದರಿಂದ ತಿಳಿಯಿತು.

ಅಂದು ರಾತ್ರಿ ನಾನು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ನಳಿಗೆ 1813ಕ್ಕಿಂತ ಹಿಂದಿನದಲ್ಲ. ಕಲ್ಲಿನ ಕೋವಿಯಾಗಿ ಹುಟ್ಟಿದ್ದರಿಂದ 1840ರಿಂದ ಬಹಳ ಈಚಿನದೂ ಇರಲಾರದು. 1837 ಇವೆರಡರ ನಡುವೆಯೇ ಇದೆ. ಇಷ್ಟಕ್ಕೇ ಅದು ಮಂಗಳೂರಿಗೆ ಹೋಗಿತ್ತು ಎಂದು ಹೇಳಲು ಬರುವುದಿಲ್ಲ. 1870ರಲ್ಲಿ ಯಾವುದೋ ಸಂತೆಯಲ್ಲಿ ಹಳೆಯ ಮಾಲಾಗಿ ಕೊಂಡದ್ದೂ ಇರಬಹುದು. ಆದರೆ ಹೋಗಿರಲು ಸಾಧ್ಯವೇ ಇಲ್ಲ ಎಂದು ಮಾವನ ಬಾಯಿ ಮುಚ್ಚಿಸಿದ್ದೆನಲ್ಲ, ಆ ಮಾತು ಮಾತ್ರ ಸುಳ್ಳು. ತಗಡಿನ ಮೇಲಿದ್ದ ಅಕ್ಷರಗಳು ಮಾಡಿದವರ ಹೆಸರನ್ನೋ ಇಸವಿಯನ್ನೋ ಹೇಳುತ್ತಿದ್ದವು. ಆ ಸಾಕ್ಷಿಯನ್ನು ಹುಣಸೆಹಣ್ಣು ಬೂದಿಯ ಜತೆ ತೊಳೆದು ಬಚ್ಚಲಿಗೆ ಹರಿಸಿದವಳೂ ನಾನೇ, ಸಾಕ್ಷಿ ಎಲ್ಲಿ ಎಂದು ಕೇಳಿದವಳೂ ನಾನೇ. "ಬೆಳ್ಳಿ ಮಾಡಿಬಿಟ್ಟೆಯಲ್ಲಮ್ಮ" ಎಂಬ ಮಾತು ಮೂವತ್ತು ವರ್ಷದ ಮೇಲೆ ಅರ್ಥವಾಯಿತು.

ಹೊಸ ಸ್ಪ್ರಿಂಗನ್ನು ಆಚಾರ್ರು ಉಕ್ಕಿನ ಪಟ್ಟಿಯಿಂದ ಕೈಯಲ್ಲೇ ಮಾಡಿದರು. ಹೇರ್‌ಪಿನ್ನಿನ ಹಾಗೆ ಮಡಿಸಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರು. ಆಗ ಅದು ಗಾಜಿನಷ್ಟು ಪೆಡಸು. ಉಜ್ಜಿ ಮತ್ತೆ ಹದವಾಗಿ ಕಾಯಿಸಿದಾಗ ಬಣ್ಣ ಹುಲ್ಲಿನ ಹಳದಿಯಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ತಿರುಗಿತು. ನೀಲಿ ಬಂದ ಕ್ಷಣಕ್ಕೆ ತೆಗೆದರು. ಪಾಕ ನೋಡುವವರ ಕಣ್ಣು ಅದು. ಸ್ಪ್ರಿಂಗಿನ ಒಳಬದಿಯಲ್ಲಿ ಚಿಕ್ಕದಾಗಿ 2023 ಎಂದು ಕೊರೆದರು. "ನಾಳೆ ಬಿಚ್ಚಿದವರಿಗೆ ಇದು ಹಳೆಯದಲ್ಲ ಎಂದು ಗೊತ್ತಾಗಬೇಕು" ಎಂದರು. ಮುರಿದ ತುಂಡುಗಳನ್ನು ಎಸೆಯದೆ ಪೊಟ್ಟಣ ಕಟ್ಟಿ ಕೊಟ್ಟರು.

ನಳಿಗೆಯೊಳಗಿನ ಮದ್ದಿನ ಕರಿ ಹೋಗಲು ಬಿಸಿನೀರು ಸಾಕಾಯಿತು, ಕೂಡಲೆ ಒಣಗಿಸಿ ಎಣ್ಣೆ. ಮದ್ದಿನ ಕರಿ ಗಾಳಿಯ ತೇವ ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತದೆಯಂತೆ. ನಳಿಗೆಯ ಹಿಂಬದಿಯ ಬಿರಡೆ ಮತ್ತು ಕೇಪಿನ ಮೊಳೆಯನ್ನು ಮಾತ್ರ ಅವರು ಮುಟ್ಟಲಿಲ್ಲ. ಬಲಪ್ರಯೋಗ ಮಾಡಿದರೆ ಮುರಿಯುತ್ತದೆ, ಬಿಚ್ಚಲೇಬೇಕಾದ ಕಾರಣವೂ ಇಲ್ಲ ಎಂದರು. ಹೊರಮೈಯ ಕಂದು ಬಣ್ಣವನ್ನು ಹಾಗೇ ಉಳಿಸಿ, ಪುಡಿ ಉದುರುವ ಕೆಂಪು ತುಕ್ಕನ್ನಷ್ಟೇ ಎಣ್ಣೆ ಬಟ್ಟೆಯಲ್ಲಿ ತೆಗೆದರು. ಮರಕ್ಕೆ ಮರಳು ಕಾಗದ ತೋರಿಸಲಿಲ್ಲ, ತೆಳ್ಳಗೆ ಮೇಣ ಹಚ್ಚಿದರು. "ಹೊಳಪು ಬೇಕೆ?" ಎಂದು ಭಾವನನ್ನು ಕೇಳಿದಾಗ ನಾನೇ ಮುಂದೆ ಬಿದ್ದು ಬೇಡವೆಂದೆ. ಇನ್ನು ಮುಂದೆ ಇದರಲ್ಲಿ ಗುಂಡು ಹಾರಿಸಬೇಡಿ, ಬರಿದೇ ಕುದುರೆ ಏರಿಸಿ ಬಡಿಸಲೂ ಬೇಡಿ ಎಂದು ಹೇಳಿ ಕಳಿಸಿದರು.

ಆ ಸೆಪ್ಟೆಂಬರ್‌ನ ಕೈಲ್ ಮುಹೂರ್ತಕ್ಕೆ ಕೋವಿ ಮತ್ತೆ ದೀಪದ ಮುಂದೆ ಕೂತಿತು. ಕಂದು ಕಂದಾಗಿ, ನೋಡಲು ಅಷ್ಟೇನೂ ಚೆಂದವಿಲ್ಲದೆ. ಪೂಜೆ ಮುಗಿದ ಮೇಲೆ ಭಾವನ ಮೊಮ್ಮಗಳು, "ಅಜ್ಜ, ಇದು ಯಾರ ಕೋವಿ?" ಎಂದಳು. ಭಾವ ನನ್ನ ಕಡೆ ನೋಡಿದರು. ನಾನು ಹಬೆಯಿಂದ ಇಳಿಸಿದ ಕಡುಬಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಭಾವ ಗಂಟಲು ಸರಿಮಾಡಿಕೊಂಡು ಕತೆ ಶುರು ಮಾಡಿದರು. ಮಾವನ ಮಾತುಗಳೇ, ಅದೇ ಕಾಡುದಾರಿ, ಅದೇ ಪತ್ತಾಯ. ಇಸವಿಯ ಹತ್ತಿರ ಬಂದಾಗ ತಡವರಿಸಿ ನಿಂತರು.

"1837, ಏಪ್ರಿಲ್" ಎಂದು ಹೇಳಿ ನಾನು ಪಾತ್ರೆ ಕೆಳಗಿಟ್ಟೆ.